ಮುನ್ನೂರು ಡಾಲರಿನ ಪತ್ತು

ವ್ಯಾಪಾರಸ್ಥನಿಗೆ ಬಂಡವಾಳಕ್ಕಿಂತ ಪತ್ತು ದೊಡ್ಡದೆಂಬುದನ್ನು ಪೇಟೆಯಲ್ಲಿ ಕುಳಿತು ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಬಂಡವಾಳ ಹೋದರೆ ಮತ್ತೆ ಕೂಡಿಸಬಹುದು. ಪತ್ತು ಹೋದವನಿಗೆ ಅಡತಿಯವನು ಒಂದು ಪೆಂಟೆ ಬೆಲ್ಲವನ್ನೂ ಉದ್ರಿ ಕೊಡಲಾರ. ಹಾಗೆ ಪತ್ತು ಕಳೆದುಕೊಂಡವರು ಅದನ್ನು ಮರಳಿ ಗಳಿಸಿದ್ದನ್ನೂ ನಾನು ನಮ್ಮ ತಂದೆಯವರ ಅಂಗಡಿಯಲ್ಲಿ ಕುಳಿತು ನೋಡಿದ್ದೇನೆ. ಒಂದೆರಡು ವರ್ಷ ರೋಖಿನ ಮೇಲೆಯೇ ವ್ಯವಹಾರ ಮಾಡಿ, ಹಳೆಯ ಬಾಕಿಯನ್ನು ಯುಗಾದಿಗೆ ಇಷ್ಟು, ದೀಪಾವಳಿಗೆ ಇಷ್ಟು ಎಂದು ತೀರಿಸುತ್ತ ಬಂದರೆ, ಒಂದು ದಿನ ಅದೇ ಅಡತಿಯವನು ತಾನಾಗಿಯೇ ಮಾಲು ಕಳಿಸಿ ಹಣವನ್ನು ಮುಂದಿನ ಸಂತೆಗೆ ಕೊಡಲು ಹೇಳುತ್ತಿದ್ದನು. ಕಳೆದ ಪತ್ತನ್ನು ತಿರುಗಿ ಪಡೆಯಲು ಕಾಲ ಬೇಕು, ತಾಳ್ಮೆ ಬೇಕು ಎಂದು ನಾನು ತಿಳಿದಿದ್ದೆನು. ಅದಕ್ಕೆ ಶುಲ್ಕವನ್ನೂ ತೆರಬೇಕಾದ ದೇಶವೊಂದುಂಟು ಎಂಬುದನ್ನು ತಿಳಿದದ್ದು ನನ್ನ ಅಕ್ಕನ ಮಗನಿಂದ, 2008ರಲ್ಲಿ.

ಆತನು ಅಮೆರಿಕದ ನ್ಯೂ ಜೆರ್ಸಿಯಲ್ಲಿ ಒಂದು ಸಣ್ಣ ಅಂಗಡಿಯನ್ನು ನಡೆಸುತ್ತಿದ್ದನು. 2006ರಲ್ಲಿ ಹೆಂಡತಿಗೆ ದೀರ್ಘಕಾಲದ ಕಾಯಿಲೆಯಾಗಿ, ಆಸ್ಪತ್ರೆಯ ಬಿಲ್ಲಿನಲ್ಲಿ ಅಂಗಡಿಯೂ ಮುಳುಗಿತು, ಮೂರು ಬ್ಯಾಂಕುಗಳ ಕಾರ್ಡಿನ ಬಾಕಿಯೂ ನಿಂತಿತು. ಕಾಯಿಲೆ ವಾಸಿಯಾಯಿತು, ಹೆಸರು ಮಾತ್ರ ವಾಸಿಯಾಗಲಿಲ್ಲ. ಬಾಡಿಗೆಗೆ ಮನೆ ಕೇಳಲು ಹೋದರೆ ಮನೆಯ ಮಾಲೀಕನು ಮೊದಲು ಸಾಲದ ವರದಿಯನ್ನು ತರಿಸಿ ನೋಡಿ ತಲೆಯಾಡಿಸುತ್ತಿದ್ದನಂತೆ. ಪತ್ತನ್ನು ಮರಳಿ ಕಟ್ಟಿಕೊಳ್ಳಬೇಕಾದರೆ ಹೊಸದೊಂದು ಕಾರ್ಡು ಪಡೆದು ತಿಂಗಳು ತಿಂಗಳು ಸರಿಯಾಗಿ ಹಣ ಕಟ್ಟಿ ತೋರಿಸಬೇಕು ಎಂದು ಎಲ್ಲರೂ ಹೇಳಿದರು. ಅಂಥವರಿಗೆಂದೇ ಕಾರ್ಡು ಕೊಡುವ ಒಂದು ಬ್ಯಾಂಕು ಸಿಕ್ಕಿತು. ಮಿತಿ 300 ಡಾಲರು. ಒಂದು ವಾರದಲ್ಲಿ ದೂರವಾಣಿಯಲ್ಲಿ ಅವನ ಧ್ವನಿ ಬಂತು:

"ಮಾಮಾ, ನಾ ಇನ್ನೂ ಒಂದು ಕಡ್ಡಿಪೆಟ್ಟಿಗಿ ಕೊಂಡಿಲ್ಲ. ಆಗಲೇ ನೂರಾ ಇಪ್ಪತ್ನಾಕು ಡಾಲರ್ ಬಾಕಿ ಅಂತ ಬಿಲ್ ಬಂದದ."

"ಹಂಗಾದ್ರ ಆ ಕಾರ್ಡು ತಿರುಗಿ ಕಳಸು."

"ಕಳಿಸಿದ್ರ ಪತ್ತು ಎಲ್ಲಿಂದ ತರಲಿ, ಮಾಮಾ?"

ಸ್ಥಾಪನಾ ಶುಲ್ಕ 69, ವಾರ್ಷಿಕ ಶುಲ್ಕ 49, ಮಾಸಿಕ ಶುಲ್ಕ 6. ಈ ಮೂರನ್ನು ಕೂಡಿಸಿ 124. ನಾನು ವಾಣಿಜ್ಯದ ಪದವೀಧರನು; ಲೆಕ್ಕ ತಪ್ಪಿಲ್ಲವೆಂಬುದು ಕೂಡಲೇ ತಿಳಿಯಿತು. ಆದರೆ ಇಂಥ ಲೆಕ್ಕ ಹೇಗೆ ಹುಟ್ಟಿತು ಎಂಬುದು ತಿಳಿಯಲಿಲ್ಲ. ಅಂದಿನಿಂದ ಬಿಡುವಿದ್ದಾಗಲೆಲ್ಲ ಆ ದೇಶದ ಸಾಲದ ಇತಿಹಾಸವನ್ನು ಓದುತ್ತ ಬಂದಿದ್ದೇನೆ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಈಗ ಅಲ್ಲಿಯೇ ನೆಲೆಸಿರುವುದರಿಂದ, ಆ ಓದಿನ ಸಾರವನ್ನು ಓದುಗರ ಮುಂದಿಡುವುದು ಅಪ್ರಸ್ತುತವಾಗಲಾರದು.

ಅಮೆರಿಕದಲ್ಲಿಯೂ ಪತ್ತು ಮೊದಲು ಮುಖಪರಿಚಯದ ಮಾತೇ ಆಗಿತ್ತು. ಅದು ಪುಸ್ತಕಕ್ಕೆ ಇಳಿದದ್ದು ಒಬ್ಬ ರೇಷ್ಮೆ ವ್ಯಾಪಾರಿಯ ಕೈಯಲ್ಲಿ. ನ್ಯೂಯಾರ್ಕಿನ ಟ್ಯಾಪನ್ ಸಹೋದರರು ದೂರದೂರದ ಊರುಗಳ ಅಂಗಡಿಕಾರರಿಗೆ ಉದ್ರಿ ಕೊಟ್ಟು, 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡರು. ಅವರಲ್ಲಿ ಕಿರಿಯನಾದ ಲೂಯಿಸ್ ಟ್ಯಾಪನ್ 1841ರಲ್ಲಿ ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ತೆರೆದನು. ಊರೂರಿನ ವಕೀಲರು ಮೊದಲಾದವರಿಂದ ಅಲ್ಲಿಯ ವ್ಯಾಪಾರಿಗಳ ಸಮಾಚಾರವನ್ನು ಪತ್ರಮುಖೇನ ತರಿಸಿ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆಸಿಡುವುದು, ಚಂದಾ ಕೊಟ್ಟ ಸಗಟು ವ್ಯಾಪಾರಿಗಳಿಗೆ ಅದನ್ನು ತಿಳಿಸುವುದು, ಇದು ಅದರ ಕಸುಬು. ಇಂಥವನು ಕುಡಿಯುತ್ತಾನೆ, ಇಂಥವನು ಪ್ರಾಮಾಣಿಕನಾದರೂ ಮಂದ, ಇಂಥವನ ಮಾವ ಹಣವಂತ ಎಂಬಂಥ ಟಿಪ್ಪಣಿಗಳೇ ಅವುಗಳಲ್ಲಿ ತುಂಬಿವೆ. ಮುಂದೆ ಆರ್. ಜಿ. ಡನ್ ಎಂಬ ಹೆಸರು ಪಡೆದ ಈ ಸಂಸ್ಥೆಯ 2500ಕ್ಕೂ ಹೆಚ್ಚು ಸಂಪುಟಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿ ಇಂದಿಗೂ ಇವೆ. ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ವ್ಯಾಪಾರಿಯೊಬ್ಬನ ಹೆಂಡತಿ ವಿಚ್ಛೇದನ ಕೇಳಲಿದ್ದಾಳೆಂದು ಈ ಪುಸ್ತಕದಲ್ಲಿ ಬರೆಯಲಾಗಿ, ಅವನ ಉದ್ರಿ ನಿಂತುಹೋಯಿತು. ಆತನು ಹೂಡಿದ ಮಾನಹಾನಿಯ ದಾವೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದು, ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಓದುಗರು ಈ ವಿಚ್ಛೇದನದ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೊಮ್ಮೆ ಬರಲಿದೆ.

ವ್ಯಾಪಾರಿಗಳ ಮೇಲಿದ್ದ ಈ ಕಣ್ಣು ಕ್ರಮೇಣ ಗಿರಾಕಿಗಳ ಮೇಲೂ ಬಿತ್ತು. 1899ರಲ್ಲಿ ಅಟ್ಲಾಂಟಾ ನಗರದಲ್ಲಿ ವುಲ್ಫರ್ಡ್ ಸಹೋದರರು ಸ್ಥಾಪಿಸಿದ ರಿಟೇಲ್ ಕ್ರೆಡಿಟ್ ಕಂಪನಿಯೇ ಇಂದಿನ ಈಕ್ವಿಫ್ಯಾಕ್ಸ್. 1956ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಿಲ್ ಫೇರ್ ಎಂಬ ಇಂಜಿನಿಯರು ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ, ಸಾಲಗಾರನ ಗುಣಾವಗುಣಗಳನ್ನು ಅಂಕಗಳಲ್ಲಿ ಅಳೆಯುವ ಉದ್ಯಮವನ್ನು ಆರಂಭಿಸಿದರು. ಅವರ ಸಂಸ್ಥೆಯ ಸಾರ್ವತ್ರಿಕ ಅಂಕವು 1989ರಲ್ಲಿ ಹೊರಬಂದಿತು. ಫೈಕೋ ಎಂದು ಕರೆಯುವ ಈ ಅಂಕ 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ನೂರಕ್ಕೆ 35 ಪಾಲು ಹಣ ಕಟ್ಟಿದ ಚರಿತ್ರೆಗೆ, 30 ಪಾಲು ಇರುವ ಸಾಲದ ಮೊತ್ತಕ್ಕೆ. ಈ ಎರಡನೆಯದರಲ್ಲಿ ಮುಖ್ಯವಾಗಿ ನೋಡುವುದು ಕಾರ್ಡಿನ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ ಎಂಬುದನ್ನು. ಬಳಕೆ ಹೆಚ್ಚಿದಷ್ಟೂ ಅಂಕ ಕುಗ್ಗುತ್ತದೆ. ಉಳಿದ ಸೂಕ್ಷ್ಮಗಳು ನಮಗಿಲ್ಲಿ ಬೇಡ.

1970ರ ಸಾಲ ವರದಿ ಕಾಯಿದೆಯು ಹೆಚ್ಚಿನ ಕೆಟ್ಟ ದಾಖಲೆಗಳು ಏಳು ವರ್ಷಗಳ ಮೇಲೆ ವರದಿಯಲ್ಲಿ ಉಳಿಯಕೂಡದೆಂದು ವಿಧಿಸಿತು. ಇದು ಸಾಲಗಾರನಿಗೆ ದೊರೆತ ರಕ್ಷಣೆಯೇ ಸರಿ. ಆದರೆ ಏಳು ವರ್ಷ ಬಾಡಿಗೆ ಮನೆ, ವಾಹನದ ಸಾಲ ಯಾವುದೂ ಇಲ್ಲದೆ ಕಾಯುವುದು ಸಂಸಾರವಂದಿಗನಿಗೆ ಸಾಧ್ಯವೇ? ಆ ಕಾಯುವಿಕೆಯೇ ಕೆಲವು ಬ್ಯಾಂಕುಗಳಿಗೆ ಮಾರುಕಟ್ಟೆಯಾಯಿತು.

ಈಗ ಕಾರ್ಡಿನ ಕಥೆಗೆ ಬರೋಣ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕಾವು ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರದ ಸುಮಾರು 60,000 ಜನರಿಗೆ, ಅವರು ಕೇಳದೆಯೇ, ಅಂಚೆಯಲ್ಲಿ ಕಾರ್ಡುಗಳನ್ನು ಕಳಿಸಿತು. ಮುಂದೆ ವೀಸಾ ಎಂಬ ಹೆಸರನ್ನು ಪಡೆದದ್ದು ಇದೇ ಕಾರ್ಡು. ಯೋಜನೆಯ ರೂವಾರಿ ಜೋಸೆಫ್ ವಿಲಿಯಮ್ಸ್, ನೂರಕ್ಕೆ 4 ಜನ ಹಣ ಕಟ್ಟದಿರಬಹುದೆಂದು ಅಂದಾಜು ಮಾಡಿದ್ದನು. ಕಟ್ಟದವರು 22 ಆದರು. ಬ್ಯಾಂಕಿಗೆ ಎಂಬತ್ತು ಲಕ್ಷ ಡಾಲರಿಗೂ ಮೇಲ್ಪಟ್ಟು ಹಾನಿಯಾಗಿ ಆತನು ಹುದ್ದೆಯನ್ನು ಬಿಡಬೇಕಾಯಿತು. ಆ ಕಾರ್ಡಿಗೆ ಗಿರಾಕಿಯಿಂದ ಶುಲ್ಕವಿರಲಿಲ್ಲ. ವ್ಯಾಪಾರಿ ನೂರಕ್ಕೆ 6 ಕೊಡುತ್ತಿದ್ದನು. ಬಾಕಿ ಉಳಿಸಿಕೊಂಡವನು ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ ಕೊಡುತ್ತಿದ್ದನು. ಕಾರ್ಡಿನ ಮಿತಿ ಎಷ್ಟಿತ್ತು ಗೊತ್ತೇ? 300ರಿಂದ 500 ಡಾಲರು.

ಈ 300 ಎಂಬ ಸಂಖ್ಯೆಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಅರ್ಧ ಶತಮಾನದ ಅನಂತರ ನನ್ನ ಅಳಿಯನಿಗೆ ಸಿಕ್ಕದ್ದೂ ಅದೇ 300. ಆ ನಡುವೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಏಳು ಪಟ್ಟು ಏರಿದ್ದವು. 1958ರಲ್ಲಿ 300 ಡಾಲರಿಗೆ ಒಂದು ಮನೆಗೆ ಶೈತ್ಯಪೆಟ್ಟಿಗೆ ಬರುತ್ತಿತ್ತು. 2008ರಲ್ಲಿ ಸಂಸಾರದ ಎರಡು ಮೂರು ವಾರಗಳ ಕಿರಾಣಿ ಬಂದರೆ ಹೆಚ್ಚು. ಎಲ್ಲದರ ಬೆಲೆ ಏರಿದರೂ ಈ ಸಂಖ್ಯೆ ಮಾತ್ರ ಏರದೆ ನಿಂತಿದ್ದಕ್ಕೆ ಕಾರಣವಿರಲೇಬೇಕಷ್ಟೆ. ನನಗೆ ಹೊಳೆದ ಕಾರಣವಿಷ್ಟು: ಸಾಲ ಕೊಟ್ಟು ಬಡ್ಡಿ ಗಳಿಸುವವನು ಮಿತಿಯನ್ನು ಬೆಳೆಸುತ್ತಾನೆ, ಶುಲ್ಕದಿಂದಲೇ ಗಳಿಸುವವನಿಗೆ ಮಿತಿ ಬೆಳೆಯುವುದರಿಂದ ಅಪಾಯವೇ ಹೊರತು ಲಾಭವಿಲ್ಲ. ಶುಲ್ಕವನ್ನು ಬರೆದುಕೊಳ್ಳಲು ಎಷ್ಟು ಜಾಗ ಬೇಕೋ ಅಷ್ಟು ಮಿತಿ ಇದ್ದರಾಯಿತು.

ಶುಲ್ಕ ಹೀಗೆ ಬೆಳೆಯಲು ದಾರಿ ಮಾಡಿಕೊಟ್ಟದ್ದು ಎರಡು ತೀರ್ಪುಗಳು ಮತ್ತು ಒಂದು ಸಣ್ಣ ರಾಜ್ಯ. ಅಮೆರಿಕದ ರಾಜ್ಯಗಳಲ್ಲಿ ಹಿಂದಿನಿಂದಲೂ ಬಡ್ಡಿಗೆ ಗರಿಷ್ಠ ಮಿತಿ ಇತ್ತು. ಮಿನ್ನೆಸೋಟದಲ್ಲಿ ನೂರಕ್ಕೆ 12, ನೆಬ್ರಾಸ್ಕದಲ್ಲಿ ಸಾವಿರ ಡಾಲರಿನ ಒಳಗಿನ ಬಾಕಿಗೆ 18. ನೆಬ್ರಾಸ್ಕದ ಬ್ಯಾಂಕೊಂದು ಮಿನ್ನೆಸೋಟದ ಗಿರಾಕಿಗಳಿಂದಲೂ 18 ವಸೂಲು ಮಾಡಲು, ಅಲ್ಲಿಯ ಮಾರ್ಕೆಟ್ ನ್ಯಾಷನಲ್ ಬ್ಯಾಂಕು ನ್ಯಾಯಾಲಯಕ್ಕೆ ಹೋಯಿತು. 1978ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರೀಯ ಬ್ಯಾಂಕಿಗೆ ಅದು ನೆಲೆಸಿರುವ ರಾಜ್ಯದ ಬಡ್ಡಿಯ ಕಾನೂನೇ ಅನ್ವಯಿಸುತ್ತದೆ, ಗಿರಾಕಿ ಎಲ್ಲಿದ್ದರೂ ಸರಿ ಎಂದು ಸರ್ವಾನುಮತದಿಂದ ತೀರ್ಪಿತ್ತಿತು. 1864ರ ಕಾಯಿದೆಯೊಂದರ ಅಕ್ಷರಾರ್ಥವೇ ಅದಕ್ಕೆ ಆಧಾರ. ತೀರ್ಪಿನಲ್ಲಿ ತಪ್ಪಿಲ್ಲದಿರಬಹುದು, ಪರಿಣಾಮ ಮಾತ್ರ ಯಾರೂ ನೆನೆಯದ ರೀತಿಯಲ್ಲಿ ಬಂತು.

ಆ ಕಾಲದಲ್ಲಿ ನ್ಯೂಯಾರ್ಕಿನ ಸಿಟಿಬ್ಯಾಂಕು ಸಂಕಟದಲ್ಲಿತ್ತು. ಹಣದುಬ್ಬರದ ದೆಸೆಯಿಂದ ಬ್ಯಾಂಕುಗಳ ಮೂಲ ಸಾಲದ ದರವೇ 1980ರ ಹೊತ್ತಿಗೆ ನೂರಕ್ಕೆ 20ನ್ನು ದಾಟಿದ್ದರೆ, ನ್ಯೂಯಾರ್ಕಿನ ಕಾನೂನು 500 ಡಾಲರಿನವರೆಗೆ 18, ಅದಕ್ಕೂ ಮೇಲೆ 12ಕ್ಕಿಂತ ಹೆಚ್ಚು ಪಡೆಯಗೊಡುತ್ತಿರಲಿಲ್ಲ. ಇಪ್ಪತ್ತಕ್ಕೆ ಕೊಂಡು ಹನ್ನೆರಡಕ್ಕೆ ಮಾರುವ ವ್ಯಾಪಾರ ಎಷ್ಟು ದಿನ ನಡೆದೀತು? ಇದನ್ನು ನಾವು ನ್ಯಾಯವಾಗಿ ಒಪ್ಪಬೇಕು. ಬಿಲ್ ಜ್ಯಾಂಕ್ಲೋ ರಾಜ್ಯಪಾಲರಾಗಿದ್ದ ದಕ್ಷಿಣ ಡಕೋಟ ಎಂಬ ಕೃಷಿಪ್ರಧಾನ ರಾಜ್ಯವು ಉದ್ಯೋಗಕ್ಕಾಗಿ ಹಾತೊರೆಯುತ್ತಿತ್ತು. 1980ರಲ್ಲಿ ಅದು ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. 1981ರಲ್ಲಿ ಸಿಟಿಬ್ಯಾಂಕಿನ ಕಾರ್ಡು ವಿಭಾಗವು ಆ ರಾಜ್ಯದ ಸಿಯೂ ಫಾಲ್ಸ್ ನಗರಕ್ಕೆ ಸ್ಥಳಾಂತರವಾಯಿತು. ಡೆಲಾವೇರ್ ರಾಜ್ಯವೂ ಅದೇ ವರ್ಷ ಅದೇ ದಾರಿಯನ್ನು ಹಿಡಿಯಿತು. ಮುಂದೆ 1996ರಲ್ಲಿ ಸ್ಮೈಲಿ ಎಂಬುವರ ಮೊಕದ್ದಮೆಯಲ್ಲಿ, ತಡವಾಗಿ ಕಟ್ಟಿದ್ದಕ್ಕೆ ಹಾಕುವ ಶುಲ್ಕವೂ ಕಾನೂನಿನ ದೃಷ್ಟಿಯಲ್ಲಿ ಬಡ್ಡಿಯೇ, ಆದ್ದರಿಂದ ಅದಕ್ಕೂ ಬ್ಯಾಂಕಿನ ತವರು ರಾಜ್ಯದ ಕಾನೂನೇ ಸಾಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಿಯೂ ಫಾಲ್ಸಿನಲ್ಲಿ ಕುಳಿತವನು ನ್ಯೂ ಜೆರ್ಸಿಯ ಬಡವನಿಂದ ಏನು ಪಡೆಯಬಹುದೆಂಬುದನ್ನು ನ್ಯೂ ಜೆರ್ಸಿ ಇನ್ನು ಕೇಳುವಂತಿರಲಿಲ್ಲ. ವಿಚಿತ್ರವೆಂದರೆ, ಅದೇ ದಕ್ಷಿಣ ಡಕೋಟದ ಮತದಾರರು 2016ರಲ್ಲಿ ಸಂಬಳದ ಮೇಲೆ ಸಾಲ ಕೊಡುವ ಅಂಗಡಿಗಳಿಗೆ ನೂರಕ್ಕೆ 36ರ ಮಿತಿಯನ್ನು ಬಹುಮತದಿಂದ ವಿಧಿಸಿದರು. ಬ್ಯಾಂಕುಗಳಿಗೆ ಅದು ತಗಲಲಿಲ್ಲ.

ಹೀಗೆ ಹದಗೊಂಡ ನೆಲದಲ್ಲಿ, ಪತ್ತು ಕೆಟ್ಟವರಿಗೆಂದೇ ಇರುವ ಕಾರ್ಡುಗಳು ಬೆಳೆದವು. ಬಳಕೆದಾರರ ಪರವಾಗಿ ಕೆಲಸ ಮಾಡುವ ರಾಷ್ಟ್ರೀಯ ಗ್ರಾಹಕ ಕಾನೂನು ಕೇಂದ್ರವು 2007ರ ನವೆಂಬರಿನಲ್ಲಿ ಇವುಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿ, ಶುಲ್ಕದ ಫಸಲು ಕೊಯ್ಯುವ ಕಾರ್ಡುಗಳೆಂದು ಇವುಗಳಿಗೆ ಹೆಸರಿಟ್ಟಿತು. ಅದರಲ್ಲಿಯ ಒಂದು ಉದಾಹರಣೆಯನ್ನು ನಮ್ಮ ಖತಾವಣಿಯ ರೀತಿಯಲ್ಲಿ ಬರೆದು ನೋಡೋಣ. ಕಾರ್ಡಿನ ಮಿತಿ 250 ಡಾಲರು. ಖರ್ಚಿನ ಬದಿಗೆ ಯೋಜನಾ ಶುಲ್ಕ 95, ಖಾತೆ ತೆರೆದದ್ದಕ್ಕೆ 29, ವಾರ್ಷಿಕ 48, ಮೊದಲ ತಿಂಗಳಿನ ಭಾಗವಹಿಸುವಿಕೆಯ ಶುಲ್ಕ 6; ಒಟ್ಟು 178. ಕೈಗೆ ದೊರೆತ ಪತ್ತು 72 ಡಾಲರು. ಉಳಿದ ಹನ್ನೊಂದು ತಿಂಗಳ 66 ಡಾಲರುಗಳನ್ನೂ ಸೇರಿಸಿದರೆ ಮೊದಲ ವರ್ಷದ ಶುಲ್ಕ 244. ಇದರಲ್ಲಿ ಬಡ್ಡಿಯ ಒಂದು ಕಾಸೂ ಸೇರಿಲ್ಲ.

ಇಲ್ಲಿ ಅಂಕದ ಲೆಕ್ಕವನ್ನು ನೆನಪಿಸಿಕೊಳ್ಳಬೇಕು. ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ ಎಂಬುದರ ಮೇಲೆ ಅಂಕ ನಿಂತಿದೆಯಷ್ಟೆ. ಈ ಕಾರ್ಡುದಾರನು ಏನನ್ನೂ ಕೊಳ್ಳುವ ಮೊದಲೇ ಆತನ ಮಿತಿಯ ನೂರಕ್ಕೆ 71 ಭಾಗ ಬಳಕೆಯಾಗಿಹೋಗಿದೆ. ವರದಿಯಲ್ಲಿ ಇವನೊಬ್ಬ ದುಂದುಗಾರನೆಂಬಂತೆ ಕಾಣುತ್ತಾನೆ. ಪತ್ತು ಸುಧಾರಿಸಲೆಂದು ಕೊಂಡ ವಸ್ತುವೇ ಪತ್ತನ್ನು ಕುಗ್ಗಿಸುತ್ತದೆ. ಅವನು ಉಳಿದ 72ನ್ನೂ ಖರ್ಚು ಮಾಡಿದನೆನ್ನಿ. ಮರುತಿಂಗಳ 6 ಡಾಲರಿನ ಶುಲ್ಕ ಬಂದು ಮಿತಿ ಮೀರುತ್ತದೆ. ಮಿತಿ ಮೀರಿದ್ದಕ್ಕೆ ಮತ್ತೊಂದು ಶುಲ್ಕ. ರೋಗಿ ಬೇಗ ಗುಣವಾದರೆ ವೈದ್ಯನಿಗೆ ನಷ್ಟವೆಂಬಂಥ ಏರ್ಪಾಟು ಇದು. ಪತ್ತು ಸುಧಾರಿಸಿದವನು ಆ ಕಾರ್ಡನ್ನು ಬಿಟ್ಟು ಶುಲ್ಕವಿಲ್ಲದ ಕಾರ್ಡಿಗೆ ಹೋಗುತ್ತಾನಲ್ಲವೇ?

2008ರ ಜೂನ್‌ನಲ್ಲಿ ಅಮೆರಿಕದ ಕೇಂದ್ರೀಯ ವಾಣಿಜ್ಯ ಆಯೋಗವು ಅಟ್ಲಾಂಟಾದ ಕಂಪ್ಯುಕ್ರೆಡಿಟ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. 300 ಡಾಲರಿನ ಕಾರ್ಡೆಂದು ಹೇಳಿ 185 ಡಾಲರುಗಳನ್ನು ಕೂಡಲೇ ಶುಲ್ಕವಾಗಿ ಬರೆದುಕೊಂಡು, ಅದನ್ನು ಸರಿಯಾಗಿ ತಿಳಿಸಲಿಲ್ಲವೆಂಬುದು ಒಂದು ಆರೋಪ. ಇನ್ನೊಂದು ಆರೋಪ ಮತ್ತೂ ಸ್ವಾರಸ್ಯವಾದದ್ದು. ಗಿರಾಕಿಯು ಕಾರ್ಡನ್ನು ಎಲ್ಲಿ ಬಳಸುತ್ತಾನೆಂಬುದನ್ನು ಸಂಸ್ಥೆಯು ಗುಟ್ಟಾಗಿ ಗಮನಿಸಿ, ಅದರ ಮೇಲೆ ಮಿತಿಯನ್ನು ಇಳಿಸುತ್ತಿತ್ತಂತೆ. ಮದ್ಯದಂಗಡಿ, ಗಿರವಿ ಅಂಗಡಿಗಳ ಮಾತು ಹೋಗಲಿ. ಹಳೆಯ ಟೈರಿಗೆ ರಿಟ್ರೆಡ್ ಮಾಡಿಸಿದವನ ಮೇಲೂ, ಸಂಸಾರದ ಜಗಳಕ್ಕೆ ಆಪ್ತಸಲಹೆ ಪಡೆಯಲು ಹೋದವನ ಮೇಲೂ ಈ ಕಣ್ಣಿತ್ತು. ಹೊಸ ಟೈರಿಗೆ ಹಣವಿಲ್ಲದೆ ಹಳೆಯದನ್ನೇ ನಡೆಸಿಕೊಳ್ಳುವವನು ಮಿತವ್ಯಯಿ ಎಂದು ನಾವು ಹೇಳುತ್ತೇವೆ. ಅಲ್ಲಿಯ ಯಂತ್ರ ಅವನನ್ನು ಅಪಾಯದವನೆಂದಿತು. ನಾರ್ವಾಕಿನ ವ್ಯಾಪಾರಿಯ ವಿಚ್ಛೇದನದ ಸುದ್ದಿಯನ್ನು ಟ್ಯಾಪನ್ನನ ಬರಹಗಾರನು ಶಾಯಿಯಲ್ಲಿ ಬರೆದನು; ನೂರೈವತ್ತು ವರ್ಷಗಳ ಅನಂತರ ಅದೇ ಸುದ್ದಿಯನ್ನು ಗಣಕಯಂತ್ರವು ತಾನೇ ಊಹಿಸಿಕೊಳ್ಳುತ್ತಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯು ಗ್ರಾಹಕರ ಖಾತೆಗಳಿಗೆ ಸುಮಾರು 11 ಕೋಟಿ 40 ಲಕ್ಷ ಡಾಲರುಗಳಷ್ಟು ಮೊತ್ತವನ್ನು ಜಮಾ ಮಾಡಲು ಒಪ್ಪಿ ರಾಜಿ ಮಾಡಿಕೊಂಡಿತು.

2009ರ ಮೇ 22ರಂದು ಅಧ್ಯಕ್ಷ ಒಬಾಮ ಅವರು ಕಾರ್ಡುಗಳ ಸುಧಾರಣಾ ಕಾಯಿದೆಗೆ ಸಹಿ ಮಾಡಿದರು. ಮೊದಲ ವರ್ಷದಲ್ಲಿ ಕಾರ್ಡಿನ ಮೇಲೆ ಬರೆಯುವ ಶುಲ್ಕಗಳೆಲ್ಲ ಸೇರಿ ಆರಂಭದ ಮಿತಿಯ ನಾಲ್ಕನೆಯ ಒಂದು ಭಾಗವನ್ನು ಮೀರಕೂಡದು, ಗಿರಾಕಿ ಒಪ್ಪದೆ ಮಿತಿ ಮೀರಿದ ಶುಲ್ಕವನ್ನು ಹಾಕಕೂಡದು ಎಂಬ ವಿಧಿಗಳು 2010ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. (ತಡಪಾವತಿ, ಮಿತಿ ಮೀರಿಕೆ ಮೊದಲಾದ ದಂಡಶುಲ್ಕಗಳು ಈ ನಾಲ್ಕನೆಯ ಒಂದು ಭಾಗದ ಲೆಕ್ಕಕ್ಕೆ ಸೇರುವುದಿಲ್ಲ.) 300 ಡಾಲರಿನ ಕಾರ್ಡಿಗೆ ಹೆಚ್ಚೆಂದರೆ 75 ಡಾಲರು. ಇದರಿಂದ ನಿಜವಾದ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಪ್ರತಿಯಾಗಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ಹೇಳದಿದ್ದರೆ ಬ್ಯಾಂಕುಗಳ ಪಕ್ಷಕ್ಕೆ ಅನ್ಯಾಯವಾದೀತು. ಸಿಯೂ ಫಾಲ್ಸಿನ ಫಸ್ಟ್ ಪ್ರೀಮಿಯರ್ ಬ್ಯಾಂಕು ಇಂಥ ಕಾರ್ಡುಗಳಲ್ಲಿ ಹೆಸರಾದದ್ದು. ಶುಲ್ಕಕ್ಕೆ ತಡೆ ಬೀಳಲು ಅದು 300 ಡಾಲರಿನ ಮಿತಿ, 75 ಡಾಲರಿನ ಶುಲ್ಕ, ವರ್ಷಕ್ಕೆ ನೂರಕ್ಕೆ 79.9 ಬಡ್ಡಿಯ ಕಾರ್ಡನ್ನು ಹೊರತಂದಿತು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಆದರೂ ಜನ ಅದನ್ನು ಕೊಂಡರು. ಕೊಂಡವರಲ್ಲಿ ಹಣ ಕಟ್ಟದೆ ಹೋದವರು ತೀರ ಹೆಚ್ಚಾದ ಕಾರಣ 2011ರಲ್ಲಿ ಬ್ಯಾಂಕೇ ಆ ದರವನ್ನು ಕೈಬಿಟ್ಟಿತು. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಪತ್ತು ಕೆಟ್ಟವರಿಗೆ ಸಾಲ ಕೊಡುವುದರಲ್ಲಿ ಹಾನಿಯ ಭಯ ಸುಳ್ಳಲ್ಲ. ಅಂಥ ಬಡ್ಡಿಗೂ ಕೈಯೊಡ್ಡುವ ಸ್ಥಿತಿಯಲ್ಲಿ ಲಕ್ಷಾಂತರ ಜನರಿದ್ದರೆಂಬುದೂ ಸುಳ್ಳಲ್ಲ. ಸಾಲ ಕೊಟ್ಟು ಮುಳುಗಿದವರನ್ನು ನಾನೂ ಕಂಡಿದ್ದೇನೆ. ಸ್ವತಃ ಮುಳುಗಿಯೂ ಇದ್ದೇನೆ. ಹಾನಿಯ ಭಯಕ್ಕೆ ತಕ್ಕ ಬೆಲೆಯನ್ನು ಕೇಳುವುದು ವ್ಯಾಪಾರಧರ್ಮಕ್ಕೆ ಹೊರತಲ್ಲ. ನನ್ನ ಆಕ್ಷೇಪವಿರುವುದು ತಕ್ಕಡಿಯ ಬಗ್ಗೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಎಣಿಸುತ್ತದೆ. 250 ಎಂದು ಮುದ್ರಿಸಿ 72ನ್ನು ತೂಗಿ ಕೊಡುವುದನ್ನು ನಾನು ಅದಲ್ಲದೆ ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ, ಕರಾರಿನ ಸಣ್ಣ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದಿದ್ದರೂ ಸಹ.

ಕಾಯಿದೆಗೆ ಒಂದು ಸಂದು ಉಳಿಯಿತು. ನಾಲ್ಕನೆಯ ಒಂದು ಭಾಗದ ಮಿತಿ ಖಾತೆ ತೆರೆದ ಮೇಲಿನ ಶುಲ್ಕಕ್ಕೆ. ಖಾತೆ ತೆರೆಯುವ ಮುಂಚೆಯೇ ಅರ್ಜಿಯ ಪರಿಶೀಲನೆಗೆಂದು 95 ಡಾಲರು ಪಡೆದರೆ? ಅದನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಅಲ್ಲಿಯ ಕೇಂದ್ರ ಬ್ಯಾಂಕು ನಿಯಮ ಮಾಡಿತು. 2011ರಲ್ಲಿ ಮೇಲೆ ಹೇಳಿದ ಬ್ಯಾಂಕೇ ದಕ್ಷಿಣ ಡಕೋಟದ ನ್ಯಾಯಾಲಯದಿಂದ ಅದಕ್ಕೆ ತಡೆಯಾಜ್ಞೆಯನ್ನು ತಂದಿತು. 2013ರಲ್ಲಿ ಗ್ರಾಹಕರ ಹಣಕಾಸು ರಕ್ಷಣಾ ಸಂಸ್ಥೆಯು ಆ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಎರಡನೆಯ ವರ್ಷದ ಶುಲ್ಕಕ್ಕಂತೂ ಕಾಯಿದೆಯಲ್ಲಿ ಮಿತಿಯೇ ಇಲ್ಲ. ತಡವಾಗಿ ಕಟ್ಟಿದವರ ದಂಡವನ್ನು 8 ಡಾಲರಿಗೆ ಇಳಿಸುವ ನಿಯಮವೊಂದು 2024ರಲ್ಲಿ ಹೊರಟಿತು. ಜಾರಿಗೆ ಬರುವ ಮೊದಲೇ ತಡೆಯಾಗಿ 2025ರ ಏಪ್ರಿಲ್‌ನಲ್ಲಿ ರದ್ದಾಯಿತು.

ಬೇರೆ ದಾರಿಯೇ ಇಲ್ಲವೇ ಎಂದು ಕೇಳಬಹುದು. ಇದೆ. ಬ್ಯಾಂಕಿನಲ್ಲಿ 200, 300 ಡಾಲರು ಠೇವಣಿ ಇಟ್ಟು, ಅಷ್ಟೇ ಮಿತಿಯ ಕಾರ್ಡನ್ನು ಪಡೆಯುವ ಪದ್ಧತಿ ಅಲ್ಲಿಯೂ ಉಂಟು. ಠೇವಣಿ ನಮ್ಮದಾಗಿಯೇ ಉಳಿಯುತ್ತದೆ. ಕೆಲವು ಬ್ಯಾಂಕುಗಳಲ್ಲಿ ವಾರ್ಷಿಕ ಶುಲ್ಕವೂ ಇಲ್ಲ. ಲೆಕ್ಕ ಬಲ್ಲವರು ಇದನ್ನೇ ಆರಿಸಬೇಕು. ಆದರೆ ಅಳಿಯನನ್ನು ನಾನು ಹಾಗೆ ಕೇಳಿದಾಗ ಆತನು ಕೊಟ್ಟ ಉತ್ತರಕ್ಕೆ ನನ್ನಲ್ಲಿ ಮಾತಿರಲಿಲ್ಲ. ಮುನ್ನೂರು ಡಾಲರನ್ನು ವರ್ಷಗಟ್ಟಲೆ ಮುಟ್ಟದೆ ಕೂಡಿಸಿಡುವ ಶಕ್ತಿ ಅವನಿಗೆ ಆ ತಿಂಗಳು ಇರಲಿಲ್ಲ. ಶುಲ್ಕವಾದರೋ ಬಾಕಿಯ ರೂಪದಲ್ಲಿ ಬರುತ್ತದೆ, ಇಂದು ಕೈಯಿಂದ ಕೊಡಬೇಕಾಗಿಲ್ಲ. ಬಡತನಕ್ಕೆ ಕಂತಿನಲ್ಲಿ ಕೊಡುವ ನೂರು, ಒಮ್ಮೆಗೆ ಕೊಡುವ ಐವತ್ತಕ್ಕಿಂತ ಹಗುರವಾಗಿ ಕಾಣುವುದು ಸಹಜ.

ನಮ್ಮ ದೇಶದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ದಾರಿ ಅದೇ ಕಡೆಗೆ ಹೊರಳುತ್ತಿದೆ. ಸಿಬಿಲ್ ಸಂಸ್ಥೆ ಸ್ಥಾಪನೆಯಾದದ್ದು 2000ದಲ್ಲಿ. ಸಾಲ ಮಾಹಿತಿ ಸಂಸ್ಥೆಗಳ ಕಾಯಿದೆ ಬಂದದ್ದು 2005ರಲ್ಲಿ. ಇಂದು ಮನೆ ಸಾಲಕ್ಕೆ ಹೋದ ಮಗನಿಗೆ ತಂದೆಯ ಹೆಸರಿಗಿಂತ 900ರೊಳಗಿನ ಆ ಅಂಕವೇ ಮುಖ್ಯ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳಲ್ಲಿ ಹಿಂದೆ ದಾಮದುಪ್ಪಟ ನಿಯಮವಿತ್ತೆಂಬುದನ್ನು ಹಿರಿಯ ಓದುಗರು ಬಲ್ಲರು: ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದು. ಬ್ಯಾಂಕುಗಳ ಮಟ್ಟಿಗೆ, 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ಸೇರಿಸಿದ ಕಲಮೊಂದು, ಬಡ್ಡಿ ಹೆಚ್ಚಾಯಿತೆಂಬ ಕಾರಣಕ್ಕೆ ನ್ಯಾಯಾಲಯಗಳು ಲೆಕ್ಕವನ್ನು ಮತ್ತೆ ತೆರೆಯದಂತೆ ಮಾಡಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ನೂರಕ್ಕೆ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರವೆಂದು ತೀರ್ಮಾನಿಸಿದ್ದನ್ನು, ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ತಳ್ಳಿಹಾಕಿತು. ಅದು ರಿಸರ್ವ್ ಬ್ಯಾಂಕಿನ ಅಧಿಕಾರದ ವಿಷಯವೆಂದಿತು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಕೇಳದೆ ಕಾರ್ಡು ಕಳಿಸುವುದನ್ನು ನಿಷೇಧಿಸಿತು, ಕಟ್ಟದೆ ಉಳಿದ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದಿತು. ಈ ಎರಡನೆಯ ಮಾತು ಚಿಕ್ಕದಾಗಿ ಕಂಡರೂ ಅದರ ಬೆಲೆ ಏನೆಂಬುದು ಮೇಲಿನ 178 ಡಾಲರಿನ ಲೆಕ್ಕವನ್ನು ಓದಿದವರಿಗೆ ತಿಳಿಯುತ್ತದೆ. ಮುದ್ದತ್ತಿನ ಠೇವಣಿಯ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳು ನಮ್ಮಲ್ಲಿಯೂ ಬಹಳ ಇವೆ. ವ್ಯಾಪಾರದಲ್ಲಿ ಸೋತು ಮತ್ತೆ ಎದ್ದು ನಿಲ್ಲಬೇಕಾದ ಯುವಕರು ನಮ್ಮ ಮನೆಗಳಲ್ಲಿದ್ದರೆ, ಆ ಠೇವಣಿಯ ಹತ್ತು ಹದಿನೈದು ಸಾವಿರವನ್ನು ಹಿರಿಯರು ಕೊಟ್ಟರೆ ಕೆಟ್ಟುಹೋಗುವುದಿಲ್ಲವೆಂದು ನನಗೆ ತೋರುತ್ತದೆ. ನಾನು 2008ರಲ್ಲಿ ಅದನ್ನು ಮಾಡಲಿಲ್ಲ. ಸಂಬಂಧಿಕರಿಗೆ ಹಣದ ಮಾತು ಎತ್ತುವುದು ಅವಮಾನವಾದೀತೆಂದು ಸುಮ್ಮನಿದ್ದೆನು.

ಅಳಿಯನು ಆ ಕಾರ್ಡನ್ನು ನಾಲ್ಕು ವರ್ಷ ಇಟ್ಟುಕೊಂಡನು. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಡಾಲರಿನ ಪೆಟ್ರೋಲು ಬಿಟ್ಟರೆ ಅದರಲ್ಲಿ ಬೇರೇನನ್ನೂ ಕೊಳ್ಳಲಿಲ್ಲ. ಒಮ್ಮೆ ಮಾತ್ರ ಅಂಚೆಯಲ್ಲಿ ಚೆಕ್ಕು ಒಂದು ದಿನ ತಡವಾಗಿ ಮುಟ್ಟಿತು. ಎರಡನೆಯ ವರ್ಷ ಬ್ಯಾಂಕಿನವರು ಮಿತಿಯನ್ನು 100 ಡಾಲರು ಹೆಚ್ಚಿಸುವುದಾಗಿ ಬರೆದರು, ಅದಕ್ಕೆ 25 ಡಾಲರು ಶುಲ್ಕವೆಂದರು, ಬೇಡವೆಂದನು. 2012ರಲ್ಲಿ ಶುಲ್ಕವಿಲ್ಲದ ಬೇರೊಂದು ಕಾರ್ಡು ದೊರೆತ ಮೇಲೆ ಇದನ್ನು ಮುಚ್ಚಿಸಿ, ಊರಿಗೆ ಬಂದಾಗ ನಲವತ್ತೆಂಟು ತಿಂಗಳ ಬಿಲ್ಲುಗಳನ್ನೂ ನನ್ನ ಮುಂದೆ ತಂದಿಟ್ಟನು. ಇಬ್ಬರೂ ಕುಳಿತು ಖತಾವಣಿ ಬರೆದೆವು. ಕೊಂಡ ಸರಕು 1,080 ಡಾಲರು. ಸ್ಥಾಪನಾ ಶುಲ್ಕ 69, ವಾರ್ಷಿಕ ಶುಲ್ಕ ನಾಲ್ಕು ವರ್ಷಕ್ಕೆ 196, ಮಾಸಿಕ ಶುಲ್ಕ 288, ತಡವಾದದ್ದಕ್ಕೆ 29, ಬಡ್ಡಿ 4. ಸರಕಿನ ಹೊರತಾಗಿ ಕೊಟ್ಟದ್ದು 586.

ಅವನು ಮತ್ತೆ ಸಣ್ಣದೊಂದು ಅಂಗಡಿಯನ್ನು 2011ರಲ್ಲಿಯೇ ತೆರೆದಿದ್ದನು. ಸಗಟು ಮಾಲು ಕೊಡುವವನು ಮೂವತ್ತು ದಿನಗಳ ಉದ್ರಿಯನ್ನು ಮೊದಲ ಸಲ ಕೊಟ್ಟದ್ದು 2013ರಲ್ಲಂತೆ. ಆತನು ಅಂಕವನ್ನು ಕೇಳಲಿಲ್ಲ, ವರದಿಯನ್ನೂ ತರಿಸಲಿಲ್ಲ. ಎರಡು ವರ್ಷ ಪ್ರತಿ ಗುರುವಾರ ರೋಖು ಕೊಟ್ಟು ಮಾಲು ಒಯ್ದದ್ದನ್ನು ಕಣ್ಣಾರೆ ನೋಡಿದ್ದನಂತೆ.